ಕಕ್ಕಡದ ಮಳೆ ತಿಂಗಳಲ್ಲಿ ಕ್ಲಿಯರ್ ಹೊಡೆದೆ, ಕಪ್ಪು ಲೋಟಸ್‌ಗೆ ಮಂಜು ಕವಿದಿದೆ

ಮಂಜಿನೂರು (ಮಡಿಕೇರಿ)

ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟು ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ಒಂದೇ ಪ್ಲಾಸ್ಟಿಕ್ ಮಾಡೆಲ್ ಕಾರಿನ ಕಿಟ್ ಹಿಡಿದು ಕೂತಿದ್ದೇನೆ. ತಮಿಯಾ ಕಂಪನಿಯ 1/20 ಅಳತೆಯ ಲೋಟಸ್ 79, ಎಫ್1 ರೇಸ್ ಕಾರು. 1978ರಲ್ಲಿ ಮಾರಿಯೋ ಆಂಡ್ರೆಟಿ ಚಾಂಪಿಯನ್ ಆದ ಕಪ್ಪು ಕಾರು, ಚಿನ್ನದ ಗೆರೆಯದು. ಎಂಜಿನ್ ಮುಗಿದು ಎರಡು ವರ್ಷ ಆಯಿತು. ಡಿಎಫ್‌ವಿ ಎಂಜಿನ್ನಿನ ಎಂಟೂ ಪ್ಲಗ್‌ಗೆ ವಯರ್ ಎಳೆದಿದ್ದೇನೆ, ಹಳೇ ಇಯರ್‌ಫೋನ್ ಬಿಚ್ಚಿ ತೆಗೆದ ವಯರ್. ಬಾಡಿಗೆ ಕಪ್ಪು ಐದು ಕೋಟ್, ನಡುನಡುವೆ 2000ದ ವಾಟರ್ ಪೇಪರ್ (ನುಣುಪು ಉಜ್ಜುಕಾಗದ). ಆ ಚಿನ್ನದ ಗೆರೆ ಅಂಟಿಸುವುದಕ್ಕೇ ನಾಲ್ಕು ರಾತ್ರಿ ಹೋಯಿತು.

ಮೊನ್ನೆ ಭಾನುವಾರ ಬೆಳಗ್ಗೆಯಿಂದ ಸುರಿಯುತ್ತಿದ್ದ ಮಳೆ ಮಧ್ಯಾಹ್ನ ಅರ್ಧ ಗಂಟೆ ನಿಂತಿತು. ನಿಂತಿತಲ್ಲ, ಇದೇ ಸಮಯ ಎಂದುಕೊಂಡೆ. ಜಗಲಿಯಲ್ಲಿ ಬಾಡಿ ಇಟ್ಟು ಕ್ಯಾನ್‌ನಿಂದ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಲ್ಯಾಕರ್, ಹೊಡೆದೆ. ಮೊದಲ ಒಂದು ನಿಮಿಷ ಕನ್ನಡಿ. ಆಮೇಲೆ ಮೂತಿಯ ಕಡೆಯಿಂದ ಬೆಳ್ಳಗೆ ಏನೋ ಹರಡುತ್ತಾ ಬಂತು. ರಾಜಾಸೀಟ್‌ನಲ್ಲಿ ನಿಂತು ನೋಡುವಾಗ ಕಣಿವೆಯಿಂದ ಮಂಜು ಮೇಲೆ ಬರುತ್ತದಲ್ಲ, ಸೇಮ್ ಹಾಗೆ. ಈಗ ಇಡೀ ಕಾರು ನೀರು ಬೆರೆಸಿದ ಹಾಲಿನ ಬಣ್ಣ. ಅಮ್ಮ ನೋಡಿ "ಇದಕ್ಕೂ ಬೂಷ್ಟು ಬಂತಾ?" ಎಂದು ಕೇಳಿದರು.

ಕೆಳಗೆ ಡೆಕಾಲ್ (ಅಂಟಿಸಿದ ಗೆರೆ, ನಂಬರ್‌ಗಳ ತೆಳು ಹಾಳೆ) ಇದೆ, ಬಣ್ಣ ಕಿತ್ತು ಮೊದಲಿಂದ ಮಾಡುವ ಹಾಗಿಲ್ಲ. ಏನಾದರೂ ದಾರಿ ಇದೆಯಾ? ಅಥವಾ ಡಬ್ಬಿಗೆ ಹಾಕಿ ಅಟ್ಟಕ್ಕೆ ಎಸೆಯಲಾ?

ಕರಿಮೆಣಸು (ಗೋಣಿಕೊಪ್ಪ)

ಕಕ್ಕಡದಲ್ಲಿ, ಮಡಿಕೇರಿಯಲ್ಲಿ, ಜಗಲಿಯಲ್ಲಿ, ಕ್ಲಿಯರ್. ನಿಮ್ಮ ಧೈರ್ಯಕ್ಕೆ ಒಂದು ನಮಸ್ಕಾರ.

ಹಳೇ ಏರ್‌ಬ್ರಶ್ (ವಿರಾಜಪೇಟೆ)

ಗಾಬರಿ ಬೇಡ. ಇದಕ್ಕೆ ಬ್ಲಶ್ ಎನ್ನುತ್ತಾರೆ. ಲ್ಯಾಕರ್‌ನಲ್ಲಿರುವ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಕೈಗೆ ಸ್ಪಿರಿಟ್ ಹಚ್ಚಿದರೆ ತಂಪಾಗುತ್ತದಲ್ಲ, ಹಾಗೆ. ಗಾಳಿಯಲ್ಲಿ ಪಸೆ ತುಂಬಿರುವ ದಿನ ಆ ತಣ್ಣನೆ ಮೈ ಮೇಲೆ ನೀರು ಕೂತು ಹಸಿ ಬಣ್ಣದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಳಿ ಕಾಣುವುದು ಅದೇ. ಮಳೆ ನಿಂತ ಮಾತ್ರಕ್ಕೆ ಗಾಳಿಯ ಪಸೆ ಹೋಗಲಿಲ್ಲ. ನೀವು ಎಡವಿದ್ದು ಅಲ್ಲಿ.

ಒಳ್ಳೆ ಸುದ್ದಿ ಏನೆಂದರೆ ಕ್ಲಿಯರ್ ಲ್ಯಾಕರ್ ಆರಿದ ಮೇಲೂ ಥಿನ್ನರ್‌ಗೆ ಕರಗುತ್ತದೆ. ಬಾಡಿಯನ್ನು ಎರಡು ಮೂರು ದಿನ ಬೆಚ್ಚಗೆ ಇಡಿ. ಆಮೇಲೆ ಲೆವೆಲಿಂಗ್ ಥಿನ್ನರ್ ಮಾತ್ರ ಏರ್‌ಬ್ರಶ್‌ಗೆ (ಪೆನ್ನಿನ ಥರದ ಸಣ್ಣ ಸ್ಪ್ರೇ ಗನ್) ಹಾಕಿ ದೂರದಿಂದ ಮಂಜಿನ ಹಾಗೆ ಬಿಡಿ. ಅದರಲ್ಲಿ ರಿಟಾರ್ಡರ್ ಇದೆ, ನಿಧಾನ ಆರುತ್ತದೆ. ಮೇಲಿನ ಪದರ ಮತ್ತೆ ಮೆತ್ತಗಾಗಿ ಒಳಗಿನ ನೀರು ಹೊರಗೆ ಹೋಗುತ್ತದೆ, ಬಿಳಿ ಮಾಯ. ನಾನೇ ಎರಡು ಸಲ ಹೀಗೆ ಸರಿ ಮಾಡಿದ್ದೇನೆ.

ಕಿತ್ತಳೆ ಸಿಪ್ಪೆ (ಸಿದ್ದಾಪುರ)

ಏರ್‌ಬ್ರಶ್ ಅಣ್ಣ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಬರೀ ಬಣ್ಣದ ಮೇಲಾದರೆ ಸರಿ. ಇವರದ್ದು ಡೆಕಾಲ್ ಮೇಲೆ ಇರುವ ಕ್ಲಿಯರ್. ಥಿನ್ನರ್ ಒಂದು ಚೂರು ಜಾಸ್ತಿ ಆಯಿತೋ, ಕೆಳಗಿನ ಚಿನ್ನದ ಗೆರೆ ಸುಕ್ಕುಗಟ್ಟಿ ಬಿರಿಯುತ್ತದೆ. ಆಮೇಲೆ ಅಳಬೇಕು.

ನಾನಾದರೆ 3000ದ ಪೇಪರ್‌ನಿಂದ ಮೇಲಿನ ಬಿಳಿಯನ್ನು ಮೆಲ್ಲಗೆ ಇಳಿಸಿ, ಒಣ ದಿನ ನೋಡಿ ಮತ್ತೆ ಕ್ಲಿಯರ್ ಕೊಡುತ್ತೇನೆ. ಮೊದಲ ಎರಡು ಮೂರು ಕೋಟ್ ಬರೀ ತುಂತುರು. ಪ್ರತಿ ಕೋಟ್‌ಗೂ ಅರ್ಧ ಗಂಟೆ ಬಿಡುವು. ಹಸಿ ಕೋಟ್ ಕೊನೆಗೆ.

ಏನೇ ಮಾಡಿ, ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಮಾಡಿ ನೋಡಿ. ಚಮಚಕ್ಕೂ ಕಪ್ಪು, ಅದರ ಮೇಲೊಂದು ಮಿಕ್ಕ ಡೆಕಾಲ್, ಅದರ ಮೇಲೆ ಕ್ಲಿಯರ್. ನಮ್ಮ ಮನೆಯಲ್ಲಿ ಈಗ ಪಾಯಸಕ್ಕೆ ಹಾಕಲು ಚಮಚ ಉಳಿದಿಲ್ಲ.

ಕೆಸರು ರ‍್ಯಾಲಿ (ಪೊನ್ನಂಪೇಟೆ)

ಇಷ್ಟೆಲ್ಲ ಯಾಕೆ? ಅಗ್ಗಿಷ್ಟಿಕೆ ಪಕ್ಕ ಅರ್ಧ ಗಂಟೆ ಇಟ್ಟರೆ ಪಸೆ ಹೋಗುತ್ತದೆ. ಕ್ಯಾನನ್ನೂ ಅಲ್ಲೇ ಬೆಚ್ಚಗೆ ಮಾಡಿಕೊಂಡು ಹೊಡೆಯಿರಿ.

ಹಳೇ ಏರ್‌ಬ್ರಶ್ (ವಿರಾಜಪೇಟೆ)

ಮಾರಾಯ, ಕ್ಯಾನ್ ಬೆಂಕಿ ಪಕ್ಕ ಇಡಬೇಡಿ!! ಒಳಗೆ ಒತ್ತಡದಲ್ಲಿರುವುದು ಉರಿಯುವ ಗ್ಯಾಸ್. ಸಿಡಿದರೆ ಕಾರಲ್ಲ, ಹೆಂಚೇ ಹಾರುತ್ತದೆ. ಬೆಚ್ಚಗೆ ಮಾಡಬೇಕು ಅಂದರೆ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು, ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು, ಅದರಲ್ಲಿ ಐದು ನಿಮಿಷ. ಅಷ್ಟೇ. ಬಾಡಿಯನ್ನೂ ಬೆಂಕಿ ಹತ್ತಿರ ಒಯ್ಯಬೇಡಿ. ಹಿಂದಿನ ರೆಕ್ಕೆಯಂಥ ತೆಳು ಭಾಗ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ.

ಕೆಸರು ರ‍್ಯಾಲಿ (ಪೊನ್ನಂಪೇಟೆ)

ಸರಿ ಸರಿ, ಬೈಯಬೇಡಿ. ನಾನು ಬಟ್ಟೆ ಒಣಗಿಸುವ ಲೆಕ್ಕದಲ್ಲಿ ಹೇಳಿದೆ.

ನಾಪೋಕ್ಲು ಅಕ್ಕ

ಒಣಗಿಸುವ ವಿಷಯ ಬಂದಿತಲ್ಲ, ನನ್ನದೂ ಒಂದು ಮಾತು. ನಮ್ಮ ಮನೆಯಲ್ಲಿ ಹಳೇ ಕ್ಯಾಮೆರಾ ಲೆನ್ಸಿಗೆ ಫಂಗಸ್ ಬರದ ಹಾಗೆ ಮಾವ ಒಂದು ಮರದ ಪೆಟ್ಟಿಗೆ ಮಾಡಿಟ್ಟಿದ್ದರು. ಒಳಗೆ 25 ವ್ಯಾಟ್‌ನ ಹಳೇ ಬಲ್ಬು, ಮೇಲೆ ಕೆಳಗೆ ನಾಲ್ಕು ತೂತು. ಈಗ ಲೆನ್ಸ್ ಇಲ್ಲ, ನನ್ನ ಕಾರುಗಳು ಅದರಲ್ಲಿ ಮಲಗುತ್ತವೆ. ಒಳಗೆ ಥರ್ಮಾಮೀಟರ್ ಇಟ್ಟಿದ್ದೇನೆ, 40 ಡಿಗ್ರಿ ದಾಟಲು ಬಿಡುವುದಿಲ್ಲ.

ಬಣ್ಣ ಪೂರ್ತಿ ಒಣಗಿದೆಯಾ ಎಂದು ತಿಳಿಯಲು ಮುಟ್ಟಿ ನೋಡಬೇಡಿ, ಬೆರಳಿನ ಗುರುತು ಬೀಳುತ್ತದೆ. ಮೂಗಿಗೆ ಹಿಡಿಯಿರಿ. ಥಿನ್ನರ್ ವಾಸನೆ ಇದ್ದರೆ ಇನ್ನೂ ಒಣಗಿಲ್ಲ. ಕಣದಲ್ಲಿ ಕಾಫಿ ಚೆರಿ ಒಣಗಿದೆಯಾ ಎಂದು ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲುಗಿಸಿ ನೋಡುತ್ತೇವಲ್ಲ, ಗಲಗಲ ಎಂದರೆ ಆಯಿತು. ಅಲ್ಲಿ ಕಿವಿ, ಇಲ್ಲಿ ಮೂಗು.

ಕುಶಾಲನಗರದ ಬಿಸಿಲು

ನಿಮಗೆಲ್ಲ ಇಷ್ಟು ಕಷ್ಟ ಯಾಕೆ, ಬಾಡಿ ತೆಗೆದುಕೊಂಡು ಇಲ್ಲಿಗೆ ಬನ್ನಿ. ಮಡಿಕೇರಿಯಿಂದ 30 ಕಿಲೋಮೀಟರ್. ಬೆಟ್ಟ ಇಳಿದರೆ ಮಳೆ ಅಲ್ಲೇ ಉಳಿಯುತ್ತದೆ. ನಿನ್ನೆ ನಮ್ಮಲ್ಲಿ ಬಟ್ಟೆ ಹೊರಗೇ ಒಣಗಿತು.

ಕರಿಮೆಣಸು (ಗೋಣಿಕೊಪ್ಪ)

ಹೊಟ್ಟೆ ಉರಿಸಬೇಡಿ. ನಮ್ಮಲ್ಲಿ ನಿನ್ನೆ 2 ಇಂಚು 40 ಸೆಂಟ್ಸ್ ಮಳೆ.

ನಾಪೋಕ್ಲು ಅಕ್ಕ

3 ಇಂಚು 15 ಸೆಂಟ್ಸ್. ಕರೆಂಟ್ ಹೋಗಿ ಎರಡು ದಿನ. ಬಲ್ಬಿನ ಪೆಟ್ಟಿಗೆ ಸದ್ಯಕ್ಕೆ ಬರೀ ಪೆಟ್ಟಿಗೆ.

ಬೆಂಗಳೂರಲ್ಲಿರುವ ಬಾಳೆಲೆಯವ

ಕಾರಿನ ಬಣ್ಣ ಕೇಳಿದರೆ ಮಳೆ ಲೆಕ್ಕ ಹೇಳುತ್ತಿದ್ದೀರಿ. ಊರು ಬಿಟ್ಟು ಹತ್ತು ವರ್ಷ ಆಯಿತು, ಏನೂ ಬದಲಾಗಿಲ್ಲ ಅಂತ ಖುಷಿ.

ಮಂಜಿನೂರು, ಅಷ್ಟು ತಲೆ ಬಿಸಿ ಇದ್ದರೆ ಕಾರಿಗೆ ಪೇಂಟ್ ಹೊಡೆಯುವ ಟಿಂಕರಿಂಗ್ ಅಂಗಡಿಗೆ ಕೊಡಿ. 2ಕೆ ಕ್ಲಿಯರ್, ಹಾರ್ಡ್‌ನರ್ ಬೆರೆಸುವಂಥದ್ದು, ಹೊಡೆದು ಕೊಡುತ್ತಾರೆ. ಗಾಜಿನ ಹಾಗೆ ಇರುತ್ತದೆ, ಪೆಟ್ರೋಲ್ ಬಿದ್ದರೂ ಏನೂ ಆಗುವುದಿಲ್ಲ.

ಕಿತ್ತಳೆ ಸಿಪ್ಪೆ (ಸಿದ್ದಾಪುರ)

ಕೊಟ್ಟಿದ್ದೆ. ಒಂದು ಕೆಂಪು ಫೆರಾರಿ. ಅಂಗಡಿಯವರು ಪಾಪ ಒಳ್ಳೆಯವರು, ಕಾಸು ಕೂಡ ತೆಗೆದುಕೊಳ್ಳಲಿಲ್ಲ. ಆದರೆ ಅವರ ಗನ್ ಬಾನೆಟ್‌ಗೆ ಹೊಡೆಯುವುದು, ನನ್ನ ಕಾರು ಅಂಗೈಯಷ್ಟು. ಬಾಗಿಲಿನ ಗೆರೆ, ರಿವೆಟ್, ಎಲ್ಲ ತುಂಬಿಹೋಗಿ ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ ಆಗಿತ್ತು.

ಲೆಕ್ಕ ಹಾಕಿ ನೋಡಿ. ನಿಜವಾದ ಕಾರಿನ ಕ್ಲಿಯರ್ ಸುಮಾರು 50 ಮೈಕ್ರಾನ್ ದಪ್ಪ. ಅದನ್ನೇ 1/20 ಕಾರಿಗೆ ಹೊಡೆದರೆ, ದೊಡ್ಡ ಕಾರಿನ ಲೆಕ್ಕದಲ್ಲಿ 1 ಮಿಲಿಮೀಟರ್ ದಪ್ಪ ಆಯಿತು. ಯಾವ ರೇಸ್ ಕಾರಿಗೆ ಅಷ್ಟು ದಪ್ಪ ಬಣ್ಣ ಇರುತ್ತದೆ?

2ಕೆಯ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇದೆ ಎನ್ನುವುದೂ ನೆನಪಿರಲಿ. ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮನೆಯೊಳಗೆ ಬಟ್ಟೆ ಕಟ್ಟಿಕೊಂಡು ಹೊಡೆಯುವ ವಸ್ತು ಅಲ್ಲ ಅದು. ಮಾಮೂಲಿ ಲ್ಯಾಕರ್‌ಗೂ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ ದಯವಿಟ್ಟು. ಸರ್ಜಿಕಲ್ ಮಾಸ್ಕ್ ಧೂಳಿಗೆ, ಆವಿಗಲ್ಲ.

ಕೆಸರು ರ‍್ಯಾಲಿ (ಪೊನ್ನಂಪೇಟೆ)

ನನ್ನ ಪ್ರಶ್ನೆ ಬೇರೆ. ಅಷ್ಟು ಹೊಳಪು ಯಾಕೆ ಬೇಕು? ಅದು ರೇಸ್ ಕಾರು, ಮದುವೆ ಮನೆ ಕಾರಲ್ಲ. ಈಚಿನ ಎಫ್1 ಕಾರು ನೋಡಿ. ರೆಡ್‌ಬುಲ್ 2016ರಲ್ಲಿ ಮ್ಯಾಟ್, ಫೆರಾರಿ 2019ರಲ್ಲಿ ಮ್ಯಾಟ್. ಸುಮ್ನೆ ಮ್ಯಾಟ್ ಕ್ಲಿಯರ್ ಹೊಡೆದು ಮುಗಿಸಿ, ಬ್ಲಶ್ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಳೇ ಏರ್‌ಬ್ರಶ್ (ವಿರಾಜಪೇಟೆ)

ಗೊತ್ತಾಗುತ್ತದೆ. ಕಪ್ಪು ಮ್ಯಾಟ್ ಕೆಳಗೆ ಬಿಳಿ ಮೋಡ ಇದ್ದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಅದೂ ಅಲ್ಲದೆ 2016ರ ಕಾರು ಬೇರೆ, 1978ರ ಲೋಟಸ್ ಬೇರೆ. ಆಗಿನ ಫೋಟೋ ನೋಡಿ, ಪಕ್ಕದಲ್ಲಿ ನಿಂತ ಮೆಕ್ಯಾನಿಕ್ ಕಾಲು ಬಾಡಿಯಲ್ಲಿ ಕಾಣುತ್ತದೆ. ಆ ಕಾರಿಗೆ ಹೊಳಪೇ ಉಡುಪು.

ಕೆಸರು ರ‍್ಯಾಲಿ (ಪೊನ್ನಂಪೇಟೆ)

ಅದು ರೇಸ್ ಶುರುವಾಗುವ ಮೊದಲು ತೆಗೆದ ಫೋಟೋ ಅಣ್ಣ. 70 ಲ್ಯಾಪ್ ಆದ ಮೇಲೆ ನೋಡಿ. ಎಣ್ಣೆ, ರಬ್ಬರ್ ಪುಡಿ, ಮೂತಿ ತುಂಬ ಕಲ್ಲೇಟು.

ನಾನು 1/24 ರ‍್ಯಾಲಿ ಕಾರು ಮಾತ್ರ ಮಾಡುವುದು. ಕ್ಲಿಯರ್ ತಲೆನೋವೇ ಇಲ್ಲ. ನಮ್ಮ ತೋಟದ ಮಣ್ಣನ್ನೇ ತಂದು ಬಿಸಿಲಿಗೆ ಒಣಗಿಸಿ, ಟೀ ಸೋಸುವ ಜರಡಿಯಲ್ಲಿ ಒಮ್ಮೆ, ಹಳೇ ಪಂಚೆಯಲ್ಲಿ ಎರಡು ಸಲ ಜಾಲಿಸುತ್ತೇನೆ. ಮ್ಯಾಟ್ ವಾರ್ನಿಶ್‌ಗೆ ಬೆರೆಸಿ ಹಳೇ ಟೂತ್‌ಬ್ರಶ್‌ನಿಂದ ಚಕ್ರದ ಹಿಂದೆ ಚಿಮ್ಮಿಸುವುದು. ತೋಟದೊಳಗೆ ರ‍್ಯಾಲಿ ನಡೆಯುವಾಗ ಕಾರು ಹೇಗೆ ಕಾಣುತ್ತದೋ ಹಾಗೇ ಬರುತ್ತದೆ.

ಕರಿಮೆಣಸು (ಗೋಣಿಕೊಪ್ಪ)

ಹೋದ ಸಲ ನೀವು ಹಾಕಿದ ಇಂಪ್ರೆಜಾ ಫೋಟೋ ನೋಡಿದ್ದೆ. ಡಬ್ಬಿ ಮೇಲೆ ಮಾಂಟೆ ಕಾರ್ಲೋ ಎಂದು ಬರೆದಿತ್ತು. ಅಲ್ಲಿ ಹಿಮ, ಟಾರು. ನಮ್ಮ ಕೆಂಪು ಮಣ್ಣು ಎಲ್ಲಿಂದ ಬಂತು?

ಕೆಸರು ರ‍್ಯಾಲಿ (ಪೊನ್ನಂಪೇಟೆ)

ಮನೆಗೆ ಹೋಗುವ ದಾರಿಯಲ್ಲಿ ಪೊನ್ನಂಪೇಟೆ ಮೇಲೆ ಹೋಗಿದ್ದರು ಅಂದುಕೊಳ್ಳಿ.

ನಾಪೋಕ್ಲು ಅಕ್ಕ

😂 ಸಫಾರಿ ರ‍್ಯಾಲಿಯ ಕಾರು ಮಾಡಿ. ಕೀನ್ಯಾದಲ್ಲೂ ಕೆಂಪು ಮಣ್ಣು. ಯಾರೂ ಪ್ರಶ್ನೆ ಕೇಳುವುದಿಲ್ಲ.

ಹೊಸಬ (ಸೋಮವಾರಪೇಟೆ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈಗ ತಾನೇ ಶುರು ಮಾಡಿದವನು. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ ಹಳದಿ ಜೋರ್ಡಾನ್ ಎಫ್1 ಕಾರಿನ ಬಣ್ಣ ಒಂದು ಕಾರಿಗೆ ಹೊಡೆಯಬೇಕು ಅಂತ ಆಸೆ. ಬೂದು ಪ್ರೈಮರ್ (ಅಡಿ ಬಣ್ಣ) ಮೇಲೆ ಹಳದಿ ಹೊಡೆದರೆ ಹಸಿರು ಹಸಿರಾಗಿ, ಬಾಡಿದ ಬಾಳೆ ಎಲೆ ಥರ ಕಾಣುತ್ತಿದೆ. ಏಳು ಕೋಟ್ ಆಯಿತು.

ಇನ್ನೊಂದು. ಡೆಕಾಲ್ ಕೆಳಗೆ ಬೆಳ್ಳಿ ಬೆಳ್ಳಿ ಮಿನುಗುವುದು ಯಾಕೆ?

ಕಿತ್ತಳೆ ಸಿಪ್ಪೆ (ಸಿದ್ದಾಪುರ)

ಏಳು ಕೋಟ್!! ನಿಲ್ಲಿಸಿ ತಮ್ಮ. ಹಳದಿ, ಕೆಂಪು, ಕಿತ್ತಳೆ ಎಲ್ಲ ಪಾರದರ್ಶಕ ಸ್ವಭಾವದ ಬಣ್ಣ, ಕೆಳಗಿರುವುದನ್ನು ಮುಚ್ಚುವುದಿಲ್ಲ. ಬೂದು ಬಣ್ಣದ ಮೇಲೆ ಹಳದಿ ಯಾವತ್ತೂ ಕೊಳಕು. ಬಿಳಿ ಪ್ರೈಮರ್ ಹಾಕಿ. ಬೆಚ್ಚಗಿನ ಹಳದಿ ಬೇಕಾದರೆ ಗುಲಾಬಿ ಪ್ರೈಮರ್. ಎರಡೇ ಕೋಟ್‌ನಲ್ಲಿ ಮೊಟ್ಟೆಯ ಹಳದಿ ಹಾಗೆ ಬರುತ್ತದೆ.

ಇದರ ಉಲ್ಟಾ ಕೇಸೂ ಇದೆ. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪು ಇದ್ದು ಮೇಲೆ ಬಿಳಿ ಹೊಡೆದರೆ ಆ ಕೆಂಪು ಮೇಲೆ ಹತ್ತಿಕೊಂಡು ಬಂದು ಗುಲಾಬಿ ಆಗುತ್ತದೆ. ಅದಕ್ಕೆ ನಡುವೆ ಒಂದು ಸಿಲ್ವರ್ ಕೋಟ್ ಕೊಡಬೇಕು, ತಡೆಗೋಡೆ ಥರ.

ಡೆಕಾಲ್ ಮಿನುಗುವುದು ಗಾಳಿ ಸಿಕ್ಕಿಕೊಂಡು. ಮ್ಯಾಟ್ ಮೈ ಅಂದರೆ ಒರಟು ಮೈ, ಗುಂಡಿಗಳಲ್ಲಿ ಗಾಳಿ ಉಳಿಯುತ್ತದೆ. ಡೆಕಾಲ್ ಯಾವಾಗಲೂ ಹೊಳಪಿನ ಮೇಲೆ ಅಂಟಿಸಿ, ಆಮೇಲೆ ಬೇಕಾದರೆ ಮ್ಯಾಟ್ ಹೊಡೆಯಿರಿ. ಕೆಳಗೆ ಮೈಕ್ರೋಸೆಟ್, ಮೇಲೆ ಮೈಕ್ರೋಸೋಲ್, ಎರಡೂ ಡೆಕಾಲ್ ಕೂರಿಸುವ ದ್ರಾವಣ. ಸೋಲ್ ಹಾಕಿದ ಕೂಡಲೇ ಡೆಕಾಲ್ ಸುಕ್ಕಾಗುತ್ತದೆ, ನೋಡಿ ಎದೆ ಧಸಕ್ಕೆನ್ನುತ್ತದೆ. ಮುಟ್ಟಬೇಡಿ. ಎದ್ದು ಹೋಗಿ ಕಾಫಿ ಕುಡಿಯಿರಿ. ಬರುವಷ್ಟರಲ್ಲಿ ತಾನೇ ಕೂತಿರುತ್ತದೆ.

ಬೆಂಗಳೂರಲ್ಲಿರುವ ಬಾಳೆಲೆಯವ

ಆ 2005ರ ಅಮೆರಿಕ ರೇಸ್ ನೆನಪಿದೆಯಾ? ಮಿಷೆಲಿನ್ ಟೈರಿನ ತಂಡಗಳೆಲ್ಲ ಹಿಂದೆ ಸರಿದು ಆರೇ ಕಾರು ಓಡಿದ್ದು. ನಾರಾಯಣ್ ನಾಲ್ಕನೇ ಸ್ಥಾನ, 5 ಪಾಯಿಂಟ್. ರಾತ್ರಿ ಮನೆಯಲ್ಲಿ ನಾನೊಬ್ಬನೇ ಕೂಗಾಡುತ್ತಿದ್ದೆ. ಅಪ್ಪ ಎದ್ದು ಬಂದು ಕಾಟಿ (ಕಾಡುಕೋಣ) ಬಂತಾ ಎಂದು ಕೇಳಿದರು.

ಕರಿಮೆಣಸು (ಗೋಣಿಕೊಪ್ಪ)

ಆರರಲ್ಲಿ ನಾಲ್ಕನೇದು.

ಬೆಂಗಳೂರಲ್ಲಿರುವ ಬಾಳೆಲೆಯವ

ಪಾಯಿಂಟ್ ಪಾಯಿಂಟೇ.

ಮಂಜಿನೂರು (ಮಡಿಕೇರಿ)

ಎಲ್ಲರಿಗೂ ಥ್ಯಾಂಕ್ಸ್. ಚಮಚದ ಮೇಲೆ ಎರಡೂ ಮಾಡಿ ನೋಡಿದೆ. ಏರ್‌ಬ್ರಶ್ ಅಣ್ಣ ಹೇಳಿದ ಬರೀ ಥಿನ್ನರ್ ದಾರಿಯಲ್ಲಿ ಬಿಳಿ ಪೂರ್ತಿ ಹೋಯಿತು, ನಿಜಕ್ಕೂ ಮಾಯ. ಆದರೆ ಎರಡನೇ ಚಮಚದಲ್ಲಿ ಕೈ ಸ್ವಲ್ಪ ನಿಧಾನ ಆಯಿತು, ಡೆಕಾಲ್ ಅಂಚು ಮೇಲೆದ್ದಿತು. ಹಾಗಾಗಿ ಕಿತ್ತಳೆ ಅಣ್ಣನ ದಾರಿ ಹಿಡಿಯುತ್ತೇನೆ. ಏರ್‌ಬ್ರಶ್ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಗೊಂದಲ. ನಾನು ಅಂಟಿಸಿದ್ದು 6ನೇ ನಂಬರ್, ಆಂಡ್ರೆಟಿಯ ತಂಡದ ಜೊತೆಗಾರ ರೋನಿ ಪೀಟರ್ಸನ್ ಕಾರು. ಪಕ್ಕದ ಮನೆ ಅಂಕಲ್ ಬಂದು "ಅವನು ಸತ್ತಿದ್ದು ಇದೇ ಕಾರಲ್ಲಿ, ಮನೆಯಲ್ಲಿ ಯಾಕೆ ಇಡುತ್ತೀಯ" ಎಂದರು. ಅಮ್ಮನ ಮುಂದೆ ಹೇಳಿಬಿಟ್ಟರು. ಈಗ ಅಮ್ಮ ಅದನ್ನು ಶೋಕೇಸ್‌ನಲ್ಲಿ ಇಡಲು ಬಿಡುತ್ತಿಲ್ಲ.

ಹಳೇ ಏರ್‌ಬ್ರಶ್ (ವಿರಾಜಪೇಟೆ)

ಬೇಜಾರು ಏನಿಲ್ಲ. ಕೈ ನಿಧಾನ ಆದರೆ ತಪ್ಪು ಥಿನ್ನರ್‌ದಲ್ಲ ಎಂದು ಮಾತ್ರ ಹೇಳುತ್ತೇನೆ 🙂

ಅಂಕಲ್ ಹೇಳಿದ್ದು ತಪ್ಪು. 1978ರ ಸೆಪ್ಟೆಂಬರ್ 10, ಇಟಲಿಯ ಮೋಂಝಾ. ರೇಸಿಗೆ ಮೊದಲು ಅಭ್ಯಾಸದಲ್ಲಿ ಪೀಟರ್ಸನ್‌ನ 79 ಜಖಂ ಆಯಿತು. ರೇಸಿಗೆ ಹತ್ತಿದ್ದು ಹಳೇ ಲೋಟಸ್ 78. ಸ್ಟಾರ್ಟ್ ಆದ ಕೂಡಲೇ ಅಪಘಾತ, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಆಂಡ್ರೆಟಿ ಚಾಂಪಿಯನ್ ಆಗಿದ್ದೂ ಅದೇ ರೇಸಿನಲ್ಲಿ. ನಿಮ್ಮ ಹತ್ತಿರ ಇರುವುದು 79. ಅಮ್ಮನಿಗೆ ಹೇಳಿ.

ಮಂಜಿನೂರು (ಮಡಿಕೇರಿ)

ಹೇಳಿದೆ. "ಆ ಕಾರಿದ್ದಿದ್ದರೆ ಬದುಕುತ್ತಿದ್ದನಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶೋಕೇಸ್‌ನಲ್ಲಿ ಜಾಗ ಮಾತ್ರ ಸಿಕ್ಕಿತು.

ಕುಶಾಲನಗರದ ಬಿಸಿಲು

ಜಾಗ ಸಿಕ್ಕಿತು, ಕಾರು ಯಾವಾಗ ಮುಗಿಯುತ್ತದೆ? ಮೂರು ವರ್ಷ ಎಂದಿರಿ. ನಿಜ ಹೇಳಿ, ಇಲ್ಲಿ ಯಾರ ಹತ್ತಿರ ಎಷ್ಟು ಮುಗಿದ ಕಾರು ಇದೆ?

ನಾಪೋಕ್ಲು ಅಕ್ಕ

14 ಡಬ್ಬಿ, ಮುಗಿದಿದ್ದು 3. ಇನ್ನು ನಾಲ್ಕಕ್ಕೆ ಬರೀ ಕನ್ನಡಿ ಅಂಟಿಸುವುದು ಬಾಕಿ. ನಗಬೇಡಿ, ಕನ್ನಡಿ ಅಂಟಿಸುವಾಗ ಒಂದು ಹನಿ ಗಮ್ ಬಾಡಿ ಮೇಲೆ ಬಿದ್ದರೆ ಎರಡು ತಿಂಗಳ ಪಾಲಿಶ್ ಹೋಯಿತು. ಅದಕ್ಕೇ ಕೈ ಮುಂದೆ ಹೋಗುವುದಿಲ್ಲ. ಕೆಲಸ ಕಷ್ಟ ಇರುವುದು ಶುರುವಿನಲ್ಲಿ ಅಲ್ಲ. ಶುರುವಿನಲ್ಲಿ ಹಾಳಾದರೆ ಹೋಗುವುದು ಪ್ಲಾಸ್ಟಿಕ್, ಕೊನೆಗೆ ಹಾಳಾದರೆ ಹೋಗುವುದು ಮೂರು ವರ್ಷ.

ಕನ್ನಡಿಗೆ, ಗಾಜಿಗೆ ಈಗ ಪಿವಿಎ ಗಮ್ ಉಪಯೋಗಿಸುತ್ತೇನೆ, ಮಕ್ಕಳು ಶಾಲೆಗೆ ಒಯ್ಯುವ ಬಿಳಿ ಅಂಟು. ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸೂಪರ್ ಗ್ಲೂ ಗಾಜಿನ ಹತ್ತಿರ ಬೇಡವೇ ಬೇಡ, ಅದರ ಹೊಗೆಗೆ ಗಾಜು ಬೆಳ್ಳಗಾಗುತ್ತದೆ.

ಕರಿಮೆಣಸು (ಗೋಣಿಕೊಪ್ಪ)

ಮುಗಿಸಿದ ಮೇಲೂ ನೆಮ್ಮದಿ ಇಲ್ಲ ಅಕ್ಕ. ನನ್ನದೊಂದು ಹಳೇ ಕಾರು, ಮುಗಿಸಿ ಎಂಟು ವರ್ಷ ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದೆ. ಮೊನ್ನೆ ತೆಗೆದು ನೋಡಿದರೆ ಟೈರು ರಿಮ್ಮನ್ನು ತಿಂದುಹಾಕಿದೆ. ಮೆತ್ತನೆ ಟೈರಿನಲ್ಲಿರುವ ಎಣ್ಣೆಯಂಥದ್ದು ನಿಧಾನಕ್ಕೆ ಹೊರಗೆ ಬಂದು ಪ್ಲಾಸ್ಟಿಕ್ ಕರಗಿಸುತ್ತದಂತೆ. ಕೆಲವು ಹಳೇ ಕಿಟ್‌ಗಳಲ್ಲಿ ಹೀಗಾಗುತ್ತದೆ. ಈಗ ರಿಮ್‌ಗೆ ಒಳಗಡೆ ಬಣ್ಣ ಹೊಡೆದು ತೆಳು ಫಾಯಿಲ್ ಸುತ್ತಿ ಟೈರು ಹಾಕುತ್ತೇನೆ.

ಟೈರಿನ ಮಾತು ಬಂತಲ್ಲ, ಮಂಜಿನೂರು, ಟೈರಿನ ಮೇಲೆ ಅಚ್ಚಿನ ಗೆರೆ ಇರುತ್ತದೆ. 400ರ ಪೇಪರ್ ಮೇಲೆ ಚಪಾತಿ ಲಟ್ಟಿಸುವ ಹಾಗೆ ಉರುಳಿಸಿ. ಹೊಳಪು ಹೋಗಿ ನಾಲ್ಕು ಲ್ಯಾಪ್ ಓಡಿದ ಹಾಗೆ ಕಾಣುತ್ತದೆ. ಇದು ಮಾತ್ರ ಯಾವ ಮಳೆಯಲ್ಲಾದರೂ ಮಾಡಬಹುದು.

ಹೊಸಬ (ಸೋಮವಾರಪೇಟೆ)

ಗುಲಾಬಿ ಪ್ರೈಮರ್ ಕೆಲಸ ಮಾಡಿತು!!! ಹಳದಿ ಅಂದರೆ ಹಳದಿ. ಆದರೆ ಸಂಜೆ ಲೈಟ್ ಹಾಕಿ ಹೊಡೆದೆ, ಎರಡು ರೆಕ್ಕೆ ಹುಳ ಬಂದು ಅಂಟಿಕೊಂಡಿವೆ.

ಕಿತ್ತಳೆ ಸಿಪ್ಪೆ (ಸಿದ್ದಾಪುರ)

ಒದ್ದೆ ಇರುವಾಗ ಕೀಳಬೇಡಿ. ಒಣಗಲಿ, ಆಮೇಲೆ 2000ದ ಪೇಪರ್‌ನಲ್ಲಿ ಉಜ್ಜಿ. ರೆಕ್ಕೆ ಹೋಗುತ್ತದೆ, ಕಾಲು ಉಳಿಯುತ್ತದೆ. ನನ್ನ ಮೆಕ್ಲಾರೆನ್‌ನಲ್ಲಿ ಒಂದು ಕಾಲು ಇನ್ನೂ ಇದೆ.

ನನ್ನ ಹೆಸರು ಯಾಕೆ ಕಿತ್ತಳೆ ಸಿಪ್ಪೆ ಎಂದು ಯಾರೋ ಮೆಸೇಜ್‌ನಲ್ಲಿ ಕೇಳಿದ್ದರು. ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಮೈ ಮೇಲೆ ಗುಳಿ ಗುಳಿ ಕೂರುತ್ತದಲ್ಲ, ಅದಕ್ಕೆ ಆರೆಂಜ್ ಪೀಲ್ ಎನ್ನುತ್ತಾರೆ. ನಮ್ಮ ತೋಟದಲ್ಲಿ ಕೊಡಗಿನ ಕಿತ್ತಳೆ ಈಗ ನಾಲ್ಕು ಗಿಡ ಉಳಿದಿದೆ. ನನ್ನ ಕಾರುಗಳ ಮೇಲೆ ಮಾತ್ರ ಪ್ರತಿ ವರ್ಷ ಬಂಪರ್ ಬೆಳೆ.

ಬೆಂಗಳೂರಲ್ಲಿರುವ ಬಾಳೆಲೆಯವ

ಅದು ಟೂತ್‌ಪೇಸ್ಟ್‌ನಲ್ಲಿ ಉಜ್ಜಿದರೆ ಹೋಗುತ್ತದೆ.

ಹಳೇ ಏರ್‌ಬ್ರಶ್ (ವಿರಾಜಪೇಟೆ)

ಮತ್ತೆ ಟೂತ್‌ಪೇಸ್ಟ್ ಬಂತು. ಗುಳಿ ಹೋಗಬೇಕಾದರೆ ಮೊದಲು ಪೇಪರ್‌ನಿಂದ ಮೈ ಸಪಾಟಾಗಬೇಕು. ಟೂತ್‌ಪೇಸ್ಟ್ ಉಜ್ಜಿದರೆ ಗುಳಿಗಳೂ ಹೊಳೆಯುತ್ತವೆ, ಅಷ್ಟೇ. 2000, 3000, ಆಮೇಲೆ ಕೋರ್ಸ್, ಫೈನ್, ಫಿನಿಶ್ ಕಾಂಪೌಂಡ್. ಅಂಚಿನಲ್ಲಿ ಉಜ್ಜಲೇಬೇಡಿ, ಅಲ್ಲಿ ಬಣ್ಣ ತೆಳು. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿಕೊಂಡು ನಡುಭಾಗ ಮಾತ್ರ ಉಜ್ಜಿ.

ಮಂಜಿನೂರು (ಮಡಿಕೇರಿ)

ಕೈಲ್ ಮುಹೂರ್ತ ಹಬ್ಬಕ್ಕೆ ಎರಡು ದಿನ ರಜೆ ಇತ್ತು. ಬಾಡಿಯನ್ನು ಟಿಫಿನ್ ಡಬ್ಬಿಗೆ ಹಾಕಿ, ಸುತ್ತ ಹತ್ತಿ ತುಂಬಿ, ಬಸ್ಸಿನಲ್ಲಿ ಕುಶಾಲನಗರಕ್ಕೆ ಅಕ್ಕನ ಮನೆಗೆ ಹೋದೆ. ತೊಡೆ ಮೇಲೆ ಇಟ್ಟುಕೊಂಡಿದ್ದು ನೋಡಿ ಪಕ್ಕದವರು "ಪಂದಿ ಕರಿಯಾ?" ಎಂದು ಕೇಳಿದರು.

ಬಿಳಿ ಪದರ 3000ದಲ್ಲಿ ಇಳಿಸಿದ್ದು ಇಲ್ಲೇ ಮಡಿಕೇರಿಯಲ್ಲಿ. ಬೆರಳಿಗೆ ಪೇಪರ್ ಸುತ್ತಿ, ನೀರಿಗೆ ಒಂದು ಹನಿ ಸೋಪು ಹಾಕಿ, ಗೆರೆ ಬಂದಲ್ಲಿ ಉಸಿರು ಹಿಡಿದು. ಒಂದು ಕಡೆ, ಎಡಗಡೆ ಪಾಡ್‌ನ (ಬಾಡಿಯ ಬದಿಯ ಉಬ್ಬು) ಹಿಂದೆ, ಚಿನ್ನದ ಗೆರೆ ಅಕ್ಕಿ ಕಾಳಿನಷ್ಟು ಹೋಯಿತು. ತಮಿಯಾದ ಎಕ್ಸ್-12 ಗೋಲ್ಡ್ ಲೀಫ್ ಬಣ್ಣ ತೆಗೆದುಕೊಂಡು ಸಣ್ಣ ಬ್ರಶ್‌ನಲ್ಲಿ ಮುಟ್ಟಿಸಿದೆ. ಹತ್ತಿರ ಹೋದರೆ ಗೊತ್ತಾಗುತ್ತದೆ. ಹತ್ತಿರ ಹೋಗಬೇಡಿ.

ಅಕ್ಕನ ಮನೆ ತಾರಸಿಯಲ್ಲಿ ಬೆಳಗ್ಗೆ 11 ಗಂಟೆಗೆ, ಬಿಸಿಲು ಚೆನ್ನಾಗಿ ಹತ್ತಿದ ಮೇಲೆ ಹೊಡೆದೆ. ಕ್ಯಾನ್‌ನ ಕ್ಲಿಯರ್ ಕಪ್‌ಗೆ ತೆಗೆದು, ಗುಳ್ಳೆ ನಿಲ್ಲುವವರೆಗೆ ಮುಚ್ಚದೆ ಬಿಟ್ಟು, ಲೆವೆಲಿಂಗ್ ಥಿನ್ನರ್ ಬೆರೆಸಿ ಏರ್‌ಬ್ರಶ್‌ಗೆ ಹಾಕಿದ್ದು. ಮೂರು ತುಂತುರು, ಒಂದು ಹಸಿ. ಹಸಿ ಕೋಟ್ ಹೊಡೆದು ಪಾತ್ರೆ ಮುಚ್ಚಿಟ್ಟು ಕೆಳಗೆ ಬಂದೆ. ಕಡಂಬಿಟ್ಟು ತಿಂದೆ, ರುಚಿ ಗೊತ್ತಾಗಲಿಲ್ಲ. ಒಂದು ಗಂಟೆ ಬಿಟ್ಟು ಹೋಗಿ ಪಾತ್ರೆ ಎತ್ತಿದೆ.

ಮಂಜಿಲ್ಲ. ತಾರಸಿಯ ಮೇಲಿನ ನೀರಿನ ಟ್ಯಾಂಕ್ ಎಂಜಿನ್ ಕವರ್‌ನಲ್ಲಿ ಕಾಣುತ್ತಿತ್ತು. ಮೂತಿಯ ಮೇಲೆ ಒಂದು ಧೂಳಿನ ಕಣ ಇದೆ, ಅದನ್ನು ಹಾಗೇ ಬಿಡುತ್ತೇನೆ.

ಅಕ್ಕನ ಮಗ ಬಂದು "ಮಾಮ, ಇದು ಓಡುತ್ತಾ?" ಎಂದ. ಇಲ್ಲ ಎಂದೆ. "ಮತ್ತೆ?" ಎಂದು ಕೇಳಿ ಆಡಲು ಹೋದ.

ಕೆಸರು ರ‍್ಯಾಲಿ (ಪೊನ್ನಂಪೇಟೆ)

ಧೂಳಿನ ಕಣ ಬಿಟ್ಟಿದ್ದು ಒಳ್ಳೆಯದಾಯಿತು. ನನ್ನ ಪಾರ್ಟಿಗೆ ಸ್ವಾಗತ.

ನಾಪೋಕ್ಲು ಅಕ್ಕ

ಕನ್ನಡಿ ಅಂಟಿಸಿದಿರಾ?

ಮಂಜಿನೂರು (ಮಡಿಕೇರಿ)

ನಿನ್ನೆ ರಾತ್ರಿ ಅಂಟಿಸಿದೆ ಅಕ್ಕ. ಬಿಳಿ ಅಂಟು. ಬಲಗಡೆಯದು ಸ್ವಲ್ಪ ಸೊಟ್ಟ. ಕಾರು ಮುಗಿಯಿತು.

ಕರಿಮೆಣಸು (ಗೋಣಿಕೊಪ್ಪ)

ಫೋಟೋ ಎಲ್ಲಿ?

ಹೊಸಬ (ಸೋಮವಾರಪೇಟೆ)

ಹೌದು ಅಣ್ಣ, ಫೋಟೋ ಫೋಟೋ

ಮಂಜಿನೂರು (ಮಡಿಕೇರಿ)

ಕರೆಂಟ್ ಇಲ್ಲ. ಮೊಬೈಲ್ 4 ಪರ್ಸೆಂಟ್. ಬಂದ ಮೇಲೆ ಹಾಕುತ್ತೇನೆ.